ಇನ್ಸುಲಿನ್ ಹರಳಿನ ಮುಂದೆ ಮೂವತ್ತೈದು ವರ್ಷ

ಸಕ್ಕರೆ ಕಾಯಿಲೆಯವರಿಲ್ಲದ ಮನೆ ಈಗ ನಮ್ಮ ಊರುಗಳಲ್ಲಿ ವಿರಳವಾಗುತ್ತಿದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನವೊಂದು ದೇಶದಲ್ಲಿ ಸುಮಾರು 10 ಕೋಟಿ ಮಧುಮೇಹಿಗಳಿದ್ದಾರೆಂದು ಅಂದಾಜು ಮಾಡಿತು. ಫ್ರಿಜ್ಜಿನ ಬಾಗಿಲಲ್ಲಿ ಹಾಲಿನ ಪಕ್ಕದಲ್ಲಿ ಇನ್ಸುಲಿನ್ ಸೀಸೆ ಇರುವುದು ಇಂದು ಯಾರಿಗೂ ಆಶ್ಚರ್ಯದ ಸಂಗತಿಯಲ್ಲ. ಊಟಕ್ಕೆ ಮುಂಚೆ ಸೂಜಿ ಚುಚ್ಚಿಕೊಳ್ಳುವ ಹಿರಿಯರು ಅದರ ಬೆಲೆಯ ಬಗ್ಗೆ ಮಾತನಾಡುತ್ತಾರೆ, ನೋವಿನ ಬಗ್ಗೆ ಮಾತನಾಡುತ್ತಾರೆ. ಆ ಹನಿಯೊಳಗಿನ ವಸ್ತುವಿನ ಆಕಾರ ಹೇಗಿದೆ ಎಂದು ಕೇಳುವ ಅಗತ್ಯ ನಮಗೆ ಬೀಳುವುದಿಲ್ಲ. ಆದರೆ ಆ ಪ್ರಶ್ನೆಯನ್ನು ಕೇಳಿದ ಮಹಿಳೆಯೊಬ್ಬರಿದ್ದರು. 1934ರಲ್ಲಿ ಇನ್ಸುಲಿನ್ ಹರಳು ಕೈಗೆ ಬಂದಾಗ ಅವರಿಗೆ 24 ವರ್ಷ. ಉತ್ತರ ದೊರೆತಾಗ 59.

ಅವರ ಹೆಸರು ಡೊರೊಥಿ ಕ್ರೋಫುಟ್ ಹಾಡ್ಜ್‌ಕಿನ್. ವಿಜ್ಞಾನದ ಇತಿಹಾಸವನ್ನು ನಾವು ಸಾಮಾನ್ಯವಾಗಿ ಒಂದು ಕ್ಷಣದಲ್ಲಿ ಹೊಳೆದ ಸತ್ಯಗಳ ಸರಮಾಲೆಯೆಂಬಂತೆ ಓದುತ್ತೇವೆ. ಮರದಿಂದ ಬಿದ್ದ ಸೇಬು, ತೊಟ್ಟಿಯಿಂದ ಎದ್ದು ಓಡಿದ ಆರ್ಕಿಮಿಡೀಸ್ ಇತ್ಯಾದಿ. ಹಾಡ್ಜ್‌ಕಿನ್ ಅವರ ಕಥೆ ಅಂತಹದ್ದಲ್ಲ. ಅದು ಸಹನೆಯ ಕಥೆ. ಗಡಿಗಳಿಗೆ ತಲೆಬಾಗದ ಜ್ಞಾನದ ಕಥೆಯೂ ಹೌದು. ನಮ್ಮ ಬೆಂಗಳೂರಿಗೂ ಅದರಲ್ಲಿ ಪಾಲಿದೆ.

ಉಪ್ಪಿನ ಗುಟ್ಟು

ಕಲ್ಲುಸಕ್ಕರೆಯ ಹರಳನ್ನೋ ಕಲ್ಲುಪ್ಪಿನ ಚೂರನ್ನೋ ಕೈಯಲ್ಲಿ ಹಿಡಿದು ನೋಡಿದವರಿಗೆ ಅದರ ನೇರ ಅಂಚುಗಳು, ನಯವಾದ ಮುಖಗಳು ಕಾಣಿಸುತ್ತವೆ. ಒಳಗೆ ಯಾವುದೋ ಒಂದು ಕ್ರಮ ಇರಲೇಬೇಕು, ಅದೇ ಹೊರಗೆ ಆಕಾರವಾಗಿ ಕಾಣುತ್ತಿದೆ ಎಂದು ವಿದ್ವಾಂಸರು ಬಹಳ ಹಿಂದೆಯೇ ಊಹಿಸಿದ್ದರು. ಹಿಮದ ಹರಳಿಗೆ ಆರು ಮೂಲೆಗಳೇ ಏಕೆ ಎಂದು ಖಗೋಳಜ್ಞ ಕೆಪ್ಲರ್ 1611ರಲ್ಲಿ ಒಂದು ಪುಟ್ಟ ಪುಸ್ತಕವನ್ನೇ ಬರೆದಿದ್ದ. ಆದರೆ ಊಹೆಯನ್ನು ಪರೀಕ್ಷಿಸುವ ದಾರಿ ಇರಲಿಲ್ಲ. ಪರಮಾಣುಗಳ ನಡುವಿನ ಅಂತರ ಒಂದು ಮಿಲಿಮೀಟರಿನ ಕೋಟಿ ಭಾಗದಲ್ಲಿ ಒಂದೆರಡು ಭಾಗ ಮಾತ್ರ. ನಮ್ಮ ಕಣ್ಣಿಗೆ ಕಾಣುವ ಬೆಳಕಿನ ಅಲೆ ಅದಕ್ಕಿಂತ ಸಾವಿರಾರು ಪಟ್ಟು ಉದ್ದವಾದುದು. ಎಷ್ಟೇ ಶಕ್ತಿಯ ಸೂಕ್ಷ್ಮದರ್ಶಕವಾದರೂ ಆ ಬೆಳಕಿನಿಂದ ಪರಮಾಣುವನ್ನು ತೋರಿಸಲಾರದು.

1895ರಲ್ಲಿ ಜರ್ಮನಿಯ ರಾಂಟ್‌ಜನ್ ಎಕ್ಸ್‌-ಕಿರಣವನ್ನು ಕಂಡುಹಿಡಿದರು. ಅದು ಕಣವೋ ಅಲೆಯೋ ಎಂಬ ಚರ್ಚೆ ಹದಿನೇಳು ವರ್ಷ ನಡೆಯಿತು. 1912ರಲ್ಲಿ ಮ್ಯೂನಿಕ್ ನಗರದಲ್ಲಿ ಮ್ಯಾಕ್ಸ್ ಫಾನ್ ಲೌವೆ ಅವರ ಸಲಹೆಯಂತೆ ಫ್ರೀಡ್ರಿಶ್ ಮತ್ತು ಕ್ನಿಪ್ಪಿಂಗ್ ಎಂಬ ಇಬ್ಬರು ಮೈಲುತುತ್ತದ ಹರಳಿನ ಮೂಲಕ ಎಕ್ಸ್‌-ಕಿರಣವನ್ನು ಹಾಯಿಸಿ ಹಿಂದೆ ಫೋಟೋ ಫಲಕ ಇಟ್ಟರು. ಫಲಕದ ಮೇಲೆ ಚುಕ್ಕೆಗಳು ಮೂಡಿದವು. ಎಕ್ಸ್‌-ಕಿರಣ ಅಲೆ ಎಂಬುದೂ ಹರಳಿನೊಳಗೆ ಪರಮಾಣುಗಳು ಸಾಲುಗಟ್ಟಿವೆ ಎಂಬುದೂ ಆ ಒಂದೇ ಪ್ರಯೋಗದಿಂದ ಖಚಿತವಾಯಿತು.

ಇದನ್ನು ಅರ್ಥಮಾಡಿಕೊಳ್ಳಲು ಪ್ರಯೋಗಶಾಲೆ ಬೇಕಾಗಿಲ್ಲ. ರಾತ್ರಿ ಹೊತ್ತು ದೂರದ ಬೀದಿದೀಪವನ್ನು ತೆಳುವಾದ ಕೊಡೆಬಟ್ಟೆಯ ಮೂಲಕ ನೋಡಿದರೆ ಒಂದು ದೀಪದ ಬದಲು ಅಡ್ಡಕ್ಕೂ ಉದ್ದಕ್ಕೂ ಸಾಲುಗಟ್ಟಿದ ಹಲವು ದೀಪಗಳು ಕಾಣಿಸುತ್ತವೆ. ಹಾಸುಹೊಕ್ಕಿನ ನೂಲುಗಳ ನಡುವಿನಿಂದ ನುಸುಳಿದ ಬೆಳಕಿನ ಅಲೆಗಳು ಕೆಲವು ದಿಕ್ಕುಗಳಲ್ಲಿ ಒಂದಕ್ಕೊಂದು ಬಲ ಕೊಡುತ್ತವೆ, ಉಳಿದ ದಿಕ್ಕುಗಳಲ್ಲಿ ಒಂದನ್ನೊಂದು ಅಳಿಸಿಹಾಕುತ್ತವೆ. ನೇಯ್ಗೆ ದಟ್ಟವಾದಷ್ಟೂ ಚುಕ್ಕೆಗಳು ದೂರ ದೂರವಾಗುತ್ತವೆ. ಚುಕ್ಕೆಗಳನ್ನು ಅಳೆದವನು ಬಟ್ಟೆಯನ್ನು ಮುಟ್ಟದೆಯೇ ಅದರ ನೇಯ್ಗೆಯನ್ನು ಹೇಳಬಲ್ಲ. ಹರಳು ಪರಮಾಣುಗಳಿಂದ ನೇಯ್ದ ಬಟ್ಟೆ, ಎಕ್ಸ್‌-ಕಿರಣ ಆ ದೀಪ.

ಈ ಅಳತೆಯ ನಿಯಮವನ್ನು ಅದೇ ವರ್ಷದ ಕೊನೆಗೆ ಕಂಡುಕೊಟ್ಟವರು ಇಂಗ್ಲೆಂಡಿನಲ್ಲಿದ್ದ ಲಾರೆನ್ಸ್ ಬ್ರ್ಯಾಗ್. 1913ರಲ್ಲಿ ಅವರು ಅಡುಗೆ ಉಪ್ಪಿನ ರಚನೆಯನ್ನು ಬಿಡಿಸಿದರು. ಉಪ್ಪಿನ ಹರಳಿನಲ್ಲಿ ಒಂದು ಸೋಡಿಯಂ ಒಂದು ಕ್ಲೋರಿನ್ ಜೋಡಿಯಾಗಿ ಕುಳಿತಿರಲಿಲ್ಲ. ಪ್ರತಿಯೊಂದು ಸೋಡಿಯಂ ಸುತ್ತ ಆರು ಕ್ಲೋರಿನ್, ಪ್ರತಿಯೊಂದು ಕ್ಲೋರಿನ್ ಸುತ್ತ ಆರು ಸೋಡಿಯಂ ಇದ್ದವು. ಯಾರು ಯಾರ ಜೋಡಿ ಎಂದು ಹೇಳುವಂತೆಯೇ ಇರಲಿಲ್ಲ. ಹಳೆಯ ರಸಾಯನಶಾಸ್ತ್ರಜ್ಞರಿಗೆ ಇದು ಸಹಿಸಲಾಗಲಿಲ್ಲ. ಹೆನ್ರಿ ಆರ್ಮ್‌ಸ್ಟ್ರಾಂಗ್ ಎಂಬ ಹಿರಿಯರು 1927ರಷ್ಟು ತಡವಾಗಿಯೂ ಈ ಚದುರಂಗದ ಮಣೆಯಂತಹ ಉಪ್ಪನ್ನು ಹಂಗಿಸಿ 'ನೇಚರ್' ಪತ್ರಿಕೆಗೆ ಬರೆದರು. ಶತಮಾನಗಳಿಂದ ತಿನ್ನುತ್ತಿದ್ದ ಉಪ್ಪನ್ನು ಮನುಷ್ಯ ಸರಿಯಾಗಿ ಅರಿತದ್ದು ಆಗಲೇ.

ಲಾರೆನ್ಸ್ ಮತ್ತು ಅವರ ತಂದೆ ವಿಲಿಯಂ ಬ್ರ್ಯಾಗ್ ಇಬ್ಬರಿಗೂ 1915ರ ನೊಬೆಲ್ ಪ್ರಶಸ್ತಿ ಬಂತು. ಮಗನಿಗೆ ಆಗ 25 ವರ್ಷ. ವಿಜ್ಞಾನದಲ್ಲಿ ಅಷ್ಟು ಚಿಕ್ಕ ವಯಸ್ಸಿಗೆ ಆ ಪ್ರಶಸ್ತಿ ಪಡೆದವರು ಇಂದಿಗೂ ಬೇರೊಬ್ಬರಿಲ್ಲ. ಆದರೆ ಅದೇ ವರ್ಷ ಅದೇ ಮನೆಯ ಕಿರಿಯ ಮಗ ರಾಬರ್ಟ್, ತುರ್ಕಿಯ ಗಲಿಪೋಲಿ ಯುದ್ಧದಲ್ಲಿ ಸತ್ತಿದ್ದರು. ಈ ವಿಜ್ಞಾನದ ಇತಿಹಾಸದುದ್ದಕ್ಕೂ ಯುದ್ಧದ ನೆರಳು ಬಿದ್ದಿದೆ.

ಕೈರೋದಿಂದ ಆಕ್ಸ್‌ಫರ್ಡಿಗೆ

ಡೊರೊಥಿ ಹುಟ್ಟಿದ್ದು 1910ರ ಮೇ 12ರಂದು, ಈಜಿಪ್ಟಿನ ಕೈರೋದಲ್ಲಿ. ತಂದೆ ಜಾನ್ ಕ್ರೋಫುಟ್ ಮೊದಲು ಈಜಿಪ್ಟಿನಲ್ಲಿ, ಆಮೇಲೆ ಸುಡಾನಿನಲ್ಲಿ ಶಿಕ್ಷಣ ಇಲಾಖೆಯ ಅಧಿಕಾರಿಯಾಗಿದ್ದವರು. ಮುಂದೆ ಜೆರುಸಲೇಮಿನ ಬ್ರಿಟಿಷ್ ಪುರಾತತ್ವ ಸಂಸ್ಥೆಯ ನಿರ್ದೇಶಕರಾದರು. ತಾಯಿ ಮಾಲಿ ಪ್ರಾಚೀನ ನೇಯ್ಗೆಯನ್ನು ಅಭ್ಯಾಸ ಮಾಡಿದ ವಿದುಷಿ. ಮೊದಲ ಮಹಾಯುದ್ಧದಲ್ಲಿ ಈ ತಾಯಿ ತನ್ನ ನಾಲ್ವರು ಸಹೋದರರನ್ನು ಕಳೆದುಕೊಂಡರು. 1925ರಲ್ಲಿ ರಾಷ್ಟ್ರಸಂಘದ ಸಭೆ ನೋಡಲು ಮಗಳನ್ನು ಜಿನೀವಾಕ್ಕೆ ಕರೆದೊಯ್ದರು. ಯುದ್ಧದ ಬಗೆಗಿನ ಹೇಸಿಗೆ ಮಗಳಿಗೆ ಬಂದದ್ದು ಪುಸ್ತಕದಿಂದಲ್ಲ, ತಾಯಿಯಿಂದ.

ಹದಿಮೂರನೆಯ ವಯಸ್ಸಿನಲ್ಲಿ ಖಾರ್ಟೂಮಿಗೆ ಹೋಗಿದ್ದಾಗ ಡೊರೊಥಿಗೆ ಹೊಳೆಯುವ ಕಪ್ಪು ಖನಿಜವೊಂದು ಸಿಕ್ಕಿತು. ಕುಟುಂಬದ ಸ್ನೇಹಿತರಾಗಿದ್ದ ಮಣ್ಣಿನ ವಿಜ್ಞಾನಿ ಜೋಸೆಫ್ ಅವರ ನೆರವಿನಿಂದ ಅದು ಇಲ್ಮನೈಟ್ ಎಂದು ಆಕೆಯೇ ಪತ್ತೆಹಚ್ಚಿದಳು. ಇಂಗ್ಲೆಂಡಿನ ಶಾಲೆಯಲ್ಲಿ ರಸಾಯನಶಾಸ್ತ್ರ ಹುಡುಗರ ಪಾಠವಾಗಿತ್ತು. ಈಕೆಗೂ ಇನ್ನೊಬ್ಬ ಹುಡುಗಿಗೂ ವಿಶೇಷ ಅನುಮತಿ ಕೊಟ್ಟರು. 1928ರಲ್ಲಿ ಆಕ್ಸ್‌ಫರ್ಡಿಗೆ ಸೇರುವ ಮುನ್ನ ಈಗಿನ ಜೋರ್ಡಾನ್ ದೇಶದ ಜೆರಾಶಿನಲ್ಲಿ ತಂದೆತಾಯಿಯ ಉತ್ಖನನಕ್ಕೆ ಜೊತೆಯಾದರು. ಅಲ್ಲಿನ ಹಳೆಯ ಚರ್ಚುಗಳ ನೆಲದ ಮೇಲಿದ್ದ ಬಣ್ಣದ ಕಲ್ಲುಚೂರುಗಳ ಚಿತ್ತಾರವನ್ನು ಅಳತೆಗೆ ಸರಿಯಾಗಿ ಕಾಗದಕ್ಕಿಳಿಸುವುದು ಅವರ ಕೆಲಸವಾಗಿತ್ತು. ಒಂದೇ ವಿನ್ಯಾಸ ಮತ್ತೆ ಮತ್ತೆ ಮರುಕಳಿಸಿ ಇಡೀ ನೆಲವನ್ನು ತುಂಬುವ ಆ ಕ್ರಮವೇ ಹರಳಿನೊಳಗೂ ಇರುವುದು.

ಓದು ಮುಗಿದ ಮೇಲೆ ಕೇಂಬ್ರಿಜ್‌ನಲ್ಲಿ ಬರ್ನಾಲ್ ಎಂಬ ವಿಜ್ಞಾನಿಯ ಬಳಿ ಸೇರಿಕೊಂಡರು. 1934ರಲ್ಲಿ ಇಬ್ಬರೂ ಸೇರಿ ಪೆಪ್ಸಿನ್ ಎಂಬ ಪ್ರೋಟೀನಿನ ಹರಳನ್ನು ಒಣಗಲು ಬಿಡದೆ, ಅದು ಬೆಳೆದ ದ್ರವದಲ್ಲೇ ಇಟ್ಟು ಎಕ್ಸ್‌-ಕಿರಣದ ಚಿತ್ರ ತೆಗೆದರು. ಸ್ಪಷ್ಟವಾದ ಚುಕ್ಕೆಗಳು ಮೂಡಿದವು. ಪ್ರೋಟೀನು ರೂಪವಿಲ್ಲದ ಅಂಟಲ್ಲ, ಅದಕ್ಕೂ ನಿಖರವಾದ ರಚನೆ ಇದೆ ಎಂಬುದು ಅಂದು ತಿಳಿಯಿತು. ಅದೇ ವರ್ಷ ಅವರ ಕೈಬೆರಳುಗಳ ಗೆಣ್ಣುಗಳು ಊದಿಕೊಂಡವು. ಸಂಧಿವಾತ ಎಂದರು ವೈದ್ಯರು. ಆ ಕಾಯಿಲೆ ಕೊನೆಯವರೆಗೂ ಬಿಡಲಿಲ್ಲ. ಕಣ್ಣಿಗೆ ಕಾಣಿಸದಷ್ಟು ಸಣ್ಣ ಹರಳುಗಳನ್ನು ಸೊಟ್ಟಗಾದ ಬೆರಳುಗಳಿಂದಲೇ ಹಿಡಿದು ಕೂರಿಸುತ್ತಿದ್ದರು. ಯಂತ್ರದ ಸ್ವಿಚ್ಚು ಹಾಕಲಾಗದೆ ಅದಕ್ಕೆ ಉದ್ದದ ಹಿಡಿಯೊಂದನ್ನು ಮಾಡಿಸಿಕೊಂಡರು.

ಆಕ್ಸ್‌ಫರ್ಡಿಗೆ ಮರಳಿದ ಅವರಿಗೆ ಹಿರಿಯ ರಸಾಯನಶಾಸ್ತ್ರಜ್ಞ ರಾಬರ್ಟ್ ರಾಬಿನ್ಸನ್ ಹತ್ತು ಮಿಲಿಗ್ರಾಂ ಇನ್ಸುಲಿನ್ ಕೊಟ್ಟರು. ಅದನ್ನು ಚೆನ್ನಾಗಿ ಹರಳುಗಟ್ಟಿಸಿ ತೆಗೆದ ಚಿತ್ರದಲ್ಲಿ ಚುಕ್ಕೆಗಳು ಕಂಡ ರಾತ್ರಿ, ಸಂತೋಷಕ್ಕೆ ಮನೆಗೆ ಹೋಗಲಾಗದೆ ಬೀದಿಗಳಲ್ಲಿ ನಡೆದಾಡಿದರೆಂದು ಅವರೇ ನೆನಪಿಸಿಕೊಂಡಿದ್ದಾರೆ. 1935ರಲ್ಲಿ ಆ ಚಿತ್ರದ ವರದಿ 'ನೇಚರ್' ಪತ್ರಿಕೆಯಲ್ಲಿ ಬಂತು.

ಕಳೆದುಹೋದ ಅರ್ಧ

ಚಿತ್ರ ಸಿಕ್ಕಿದ ಮೇಲೆ 34 ವರ್ಷ ಏಕೆ ಬೇಕಾಯಿತು? ಫಿಲ್ಮಿನ ಮೇಲಿನ ಚುಕ್ಕೆ ಎಷ್ಟು ಗಾಢವಾಗಿದೆ ಎಂಬುದನ್ನು ಅಳೆಯಬಹುದು. ಆದರೆ ಆ ಚುಕ್ಕೆಯನ್ನು ಮೂಡಿಸಿದ ಅಲೆ ಅಲ್ಲಿಗೆ ತಲುಪುವಾಗ ಏರಿನಲ್ಲಿತ್ತೋ ಇಳಿತದಲ್ಲಿತ್ತೋ ಎಂಬುದನ್ನು ಫಿಲ್ಮು ಹೇಳುವುದಿಲ್ಲ. ಅದಿಲ್ಲದೆ ಪರಮಾಣುಗಳ ಸ್ಥಾನವನ್ನು ಲೆಕ್ಕಹಾಕಲಾಗದು. ಮಾಹಿತಿಯ ಅರ್ಧ ಭಾಗ ದಾರಿಯಲ್ಲೇ ಕಳೆದುಹೋಗಿರುತ್ತದೆ. ಉಪ್ಪಿನಂತಹ ಸರಳ ಹರಳಿನಲ್ಲಿ ಆ ಅರ್ಧವನ್ನು ಊಹಿಸಬಹುದು. ನೂರಾರು ಪರಮಾಣುಗಳಿರುವ ಇನ್ಸುಲಿನ್‌ನಲ್ಲಿ ಊಹೆ ನಡೆಯುವುದಿಲ್ಲ.

ಹಾಗೆಂದು ಅವರು ಕೈಕಟ್ಟಿ ಕುಳಿತಿರಲಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಾಯಾಳುಗಳ ಜೀವ ಉಳಿಸುತ್ತಿದ್ದ ಪೆನ್ಸಿಲಿನ್ ಔಷಧದ ರಚನೆ ಯಾರಿಗೂ ಗೊತ್ತಿರಲಿಲ್ಲ. ತಮ್ಮ ವಿದ್ಯಾರ್ಥಿನಿ ಬಾರ್ಬರಾ ಲೋ ಅವರೊಡನೆ ಡೊರೊಥಿ 1945ರಲ್ಲಿ ಅದನ್ನು ಬಿಡಿಸಿದರು. ಅಷ್ಟು ಬಿಗಿಯಾದ ನಾಲ್ಕು ಪರಮಾಣುಗಳ ಉಂಗುರ ಇರಲಾರದು ಎಂದು ವಾದಿಸಿದ್ದ ರಸಾಯನಶಾಸ್ತ್ರಜ್ಞರು ಸುಮ್ಮನಾದರು. 1950ರ ದಶಕದ ನಡುವೆ ವಿಟಮಿನ್ ಬಿ12ರ ರಚನೆಯೂ ತಿಳಿಯಿತು. ಮೊದಮೊದಲು ಈ ಲೆಕ್ಕಗಳನ್ನು ಮಾಡುತ್ತಿದ್ದುದು ಮರದ ಪೆಟ್ಟಿಗೆಯಲ್ಲಿ ಜೋಡಿಸಿಟ್ಟ ಕಾಗದದ ಪಟ್ಟಿಗಳ ನೆರವಿನಿಂದ. ಬಿ12ರ ಹೊತ್ತಿಗೆ ಅಮೆರಿಕದ ಕೆನೆತ್ ಟ್ರೂಬ್ಲಡ್ ಎಂಬ ವಿಜ್ಞಾನಿ ಲಾಸ್ ಏಂಜಲೀಸಿನ ಕಂಪ್ಯೂಟರಿನಲ್ಲಿ ಲೆಕ್ಕ ಮಾಡಿಕೊಟ್ಟರು. ಅದಕ್ಕೆ ಹಣ ಕೇಳಲಿಲ್ಲ.

1964ರಲ್ಲಿ ನೊಬೆಲ್ ಬಂದಾಗ ಡೊರೊಥಿ ಆಫ್ರಿಕಾದ ಘಾನಾದಲ್ಲಿದ್ದರು. ಪತಿ ಥಾಮಸ್ ಹಾಡ್ಜ್‌ಕಿನ್ ಅಲ್ಲಿ ಆಫ್ರಿಕಾ ಅಧ್ಯಯನ ಸಂಸ್ಥೆಯ ಮುಖ್ಯಸ್ಥರಾಗಿದ್ದರು. ಈ ಥಾಮಸ್ ತರುಣರಾಗಿದ್ದಾಗ ಫೆಲೆಸ್ತೀನಿನಲ್ಲಿ ಬ್ರಿಟಿಷ್ ಹೈಕಮಿಷನರರ ಕಾರ್ಯದರ್ಶಿಯಾಗಿದ್ದು, ಅಲ್ಲಿನ ಬ್ರಿಟಿಷ್ ನೀತಿಯನ್ನು ಒಪ್ಪಲಾರದೆ 1936ರಲ್ಲಿ ರಾಜೀನಾಮೆ ಕೊಟ್ಟವರು. ಪ್ರಶಸ್ತಿಯ ಸುದ್ದಿಯನ್ನು ಬ್ರಿಟನಿನ ಕೆಲವು ಪತ್ರಿಕೆಗಳು ಮೂರು ಮಕ್ಕಳ ತಾಯಿಗೆ, ಗೃಹಿಣಿಗೆ ನೊಬೆಲ್ ಎಂಬ ಧಾಟಿಯಲ್ಲಿ ಪ್ರಕಟಿಸಿದವು. ಗಂಡಸು ಗೆದ್ದಾಗ ಅವನ ಮಕ್ಕಳನ್ನು ಯಾರೂ ಎಣಿಸುವುದಿಲ್ಲ.

ಹತ್ತು ಹೆಸರುಗಳು

ಕಳೆದುಹೋದ ಅರ್ಧವನ್ನು ಹುಡುಕುವ ದಾರಿಯನ್ನು 1953ರಲ್ಲಿ ತೋರಿಸಿದವರು ಹಿಮೋಗ್ಲೋಬಿನ್ ಕುರಿತು ಕೆಲಸ ಮಾಡುತ್ತಿದ್ದ ಮ್ಯಾಕ್ಸ್ ಪೆರುಟ್ಸ್. ಹರಳಿನ ಜೋಡಣೆ ಕೆಡದಂತೆ ಅದರೊಳಗೆ ಪಾದರಸ, ಸೀಸದಂತಹ ಭಾರವಾದ ಪರಮಾಣುವನ್ನು ಸೇರಿಸಿ ಮತ್ತೆ ಚಿತ್ರ ತೆಗೆಯಬೇಕು. ಚುಕ್ಕೆಗಳ ಗಾಢತೆಯಲ್ಲಾದ ಬದಲಾವಣೆಯಿಂದ ಅಲೆಗಳ ಏರಿಳಿತವನ್ನು ತಿಳಿಯಬಹುದು. 1955ರ ಹೊತ್ತಿಗೆ ಫ್ರೆಡರಿಕ್ ಸ್ಯಾಂಗರ್ ಅವರಿಂದ ಇನ್ಸುಲಿನ್‌ನ 51 ಅಮೈನೋ ಆಮ್ಲಗಳ ಅನುಕ್ರಮವೂ ತಿಳಿದಿತ್ತು. ಆದರೆ ಇನ್ಸುಲಿನ್ ಹರಳು ಸುಲಭವಾಗಿ ಬಗ್ಗಲಿಲ್ಲ. ಭಾರದ ಪರಮಾಣು ಸೇರಿಸಿದರೆ ಹರಳೇ ಬದಲಾಗುತ್ತಿತ್ತು. ಸರಿಯಾದ ಹರಳುಗಳು ದೊರೆಯುವುದರೊಳಗೆ 1960ರ ದಶಕ ಮುಗಿಯುತ್ತ ಬಂದಿತ್ತು.

1969ರ ಬೇಸಿಗೆಯಲ್ಲಿ ರಚನೆ ಕೈಗೂಡಿತು. ಎರಡು ಸತುವಿನ ಪರಮಾಣುಗಳ ಸುತ್ತ ಆರು ಇನ್ಸುಲಿನ್ ಅಣುಗಳು ಒಟ್ಟುಗೂಡಿ ಕುಳಿತಿದ್ದವು. 'ನೇಚರ್' ಪತ್ರಿಕೆಯಲ್ಲಿ ಬಂದ ಲೇಖನದ ಮೇಲೆ ಹತ್ತು ಹೆಸರುಗಳಿವೆ. ಮೊದಲ ಹೆಸರು ಡೊರೊಥಿಯವರದಲ್ಲ. 35 ವರ್ಷ ಆ ಪ್ರಶ್ನೆಯನ್ನು ಹೊತ್ತು ನಡೆದವರ ಹೆಸರು ಎಂಟನೆಯದು.

ಇದನ್ನು ಹೇಳುವಾಗ ಇನ್ನೊಂದು ಘಟನೆ ನೆನಪಾಗುತ್ತದೆ. 1952ರಲ್ಲಿ ಲಂಡನ್ನಿನ ಕಿಂಗ್ಸ್ ಕಾಲೇಜಿನಲ್ಲಿ ರೋಸಲಿಂಡ್ ಫ್ರ್ಯಾಂಕ್ಲಿನ್ ಮತ್ತು ಅವರ ವಿದ್ಯಾರ್ಥಿ ಗಾಸ್ಲಿಂಗ್ ತೆಗೆದ ಡಿಎನ್‌ಎಯ ಎಕ್ಸ್‌-ಕಿರಣ ಚಿತ್ರವನ್ನು ಮರುವರ್ಷ ಅವರಿಗೆ ತಿಳಿಯದಂತೆ ಜೇಮ್ಸ್ ವಾಟ್ಸನ್‌ಗೆ ತೋರಿಸಲಾಯಿತು. ಡಿಎನ್‌ಎ ರಚನೆಗೆ 1962ರಲ್ಲಿ ಮೂವರು ಗಂಡಸರಿಗೆ ನೊಬೆಲ್ ಬಂತು. ಫ್ರ್ಯಾಂಕ್ಲಿನ್ 1958ರಲ್ಲೇ, 37ನೆಯ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಒಂದೇ ವಿಜ್ಞಾನ, ಒಂದೇ ಕಾಲ. ಒಂದು ಕಡೆ ಪರರ ಶ್ರಮವನ್ನು ಹೇಳದೆ ಬಳಸಿದರು, ಇನ್ನೊಂದು ಕಡೆ ತನ್ನ ಶ್ರಮದ ಮುಂದೆ ಕಿರಿಯರ ಹೆಸರನ್ನು ನಿಲ್ಲಿಸಿದರು. ಯಂತ್ರ ಯಾವುದೇ ಇರಲಿ, ಅದನ್ನು ಹಿಡಿದವರ ನಡತೆ ಯಂತ್ರದಿಂದ ಬರುವುದಿಲ್ಲ.

ಆ ಹತ್ತು ಹೆಸರುಗಳಲ್ಲಿ ಐದನೆಯದು ಎಂ. ವಿಜಯನ್. ಕೇರಳದ ತ್ರಿಶೂರ್ ಜಿಲ್ಲೆಯಲ್ಲಿ 1941ರಲ್ಲಿ ಹುಟ್ಟಿದ ಅವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಎಂ.ಎ. ವಿಶ್ವಮಿತ್ರ ಅವರ ಬಳಿ ಪಿಎಚ್.ಡಿ. ಮುಗಿಸಿ ಆಕ್ಸ್‌ಫರ್ಡಿಗೆ ಹೋಗಿದ್ದರು. 1971ರಲ್ಲಿ ಅದೇ ಸಂಸ್ಥೆಗೆ ಮರಳಿದರು. ಆ ಹೊತ್ತಿಗೆ ಮದರಾಸಿನಲ್ಲಿ ಕೊಲಾಜೆನ್ ಪ್ರೋಟೀನಿನ ಮೂರೆಳೆಯ ಹುರಿಯನ್ನು ತೋರಿಸಿಕೊಟ್ಟಿದ್ದ ಜಿ.ಎನ್. ರಾಮಚಂದ್ರನ್ ಕೂಡ ಬೆಂಗಳೂರಿಗೆ ಬಂದಿದ್ದರು. ಆದರೆ ಪ್ರೋಟೀನಿನ ಹರಳನ್ನು ಬಿಡಿಸಲು ಬೇಕಾದ ಸಲಕರಣೆ ನಮ್ಮಲ್ಲಿರಲಿಲ್ಲ. ವಿಜಯನ್ ಹತ್ತು ವರ್ಷಕ್ಕೂ ಹೆಚ್ಚು ಕಾಲ ಸಣ್ಣ ಅಣುಗಳ ಮೇಲೆ ಕೆಲಸ ಮಾಡುತ್ತ ಕಾದರು. 1994ರಲ್ಲಿ ಅವರ ತಂಡ ಶೇಂಗಾ ಬೀಜದ ಲೆಕ್ಟಿನ್ ಎಂಬ ಪ್ರೋಟೀನಿನ ರಚನೆಯನ್ನು, 1996ರಲ್ಲಿ ಹಲಸಿನ ಬೀಜದ ಪ್ರೋಟೀನಾದ ಜಾಕಲಿನ್ ರಚನೆಯನ್ನು ಪ್ರಕಟಿಸಿತು. ಮಳೆಗಾಲದಲ್ಲಿ ನಾವು ಸುಟ್ಟು ತಿನ್ನುವ ಹಲಸಿನ ಬೀಜದೊಳಗಿನ ವಿನ್ಯಾಸ ಜಗತ್ತಿಗೆ ತಿಳಿದದ್ದು ಬೆಂಗಳೂರಿನಿಂದ. 2022ರಲ್ಲಿ ನಿಧನರಾಗುವ ಹೊತ್ತಿಗೆ ವಿಜಯನ್ ಈ ದೇಶದಲ್ಲಿ ಒಂದು ತಲೆಮಾರಿನ ಪ್ರೋಟೀನ್ ಹರಳು ವಿಜ್ಞಾನಿಗಳನ್ನು ಬೆಳೆಸಿದ್ದರು.

ಗಡಿಯಾಚೆಗೆ

ಈ ವಿಜ್ಞಾನದವರಲ್ಲಿ ಯುದ್ಧವನ್ನು ಬಹಿರಂಗವಾಗಿ ವಿರೋಧಿಸಿದವರು ಒಬ್ಬಿಬ್ಬರಲ್ಲ. ಬೆಂಜೀನ್ ಉಂಗುರ ಚಪ್ಪಟೆಯಾಗಿದೆ ಎಂದು 1929ರಲ್ಲಿ ತೋರಿಸಿಕೊಟ್ಟ ಕ್ಯಾಥ್ಲೀನ್ ಲಾನ್ಸ್‌ಡೇಲ್ ಕ್ವೇಕರ್ ಪಂಥದವರು. ಯುದ್ಧಕಾಲದ ನಾಗರಿಕ ರಕ್ಷಣಾ ಕೆಲಸಕ್ಕೆ ಹೆಸರು ನೋಂದಾಯಿಸಲು ನಿರಾಕರಿಸಿ, ದಂಡವನ್ನೂ ಕಟ್ಟದೆ 1943ರಲ್ಲಿ ಒಂದು ತಿಂಗಳು ಜೈಲಿನಲ್ಲಿದ್ದರು. ಎರಡು ವರ್ಷದ ಬಳಿಕ ರಾಯಲ್ ಸೊಸೈಟಿ ಮೊದಲ ಬಾರಿಗೆ ಮಹಿಳೆಯರನ್ನು ಸದಸ್ಯರನ್ನಾಗಿ ಆರಿಸಿದಾಗ ಆ ಇಬ್ಬರಲ್ಲಿ ಇವರೂ ಒಬ್ಬರು.

ಡೊರೊಥಿಯವರಿಗೆ 1953ರಲ್ಲಿ ಅಮೆರಿಕ ವೀಸಾ ನಿರಾಕರಿಸಿತು. ಶಾಂತಿಗಾಗಿ ವಿಜ್ಞಾನ ಎಂಬ ಸಂಘಟನೆಯೊಂದಿಗೆ ಅವರಿಗಿದ್ದ ಸಂಬಂಧವೇ ಕಾರಣ. ಆಮೇಲೆ ದಶಕಗಳ ಕಾಲ ವಿಶೇಷ ಅನುಮತಿಯ ಮೇಲೆ ಮಾತ್ರ ಅವರು ಆ ದೇಶಕ್ಕೆ ಹೋಗಬೇಕಾಯಿತು. ಅವರು ನಿಲ್ಲಲಿಲ್ಲ. ವಿಯೆಟ್ನಾಂ ಯುದ್ಧವನ್ನು ವಿರೋಧಿಸಿದರು. ಅಣ್ವಸ್ತ್ರಗಳ ವಿರುದ್ಧ ಎರಡೂ ಬಣಗಳ ವಿಜ್ಞಾನಿಗಳನ್ನು ಒಂದೆಡೆ ಕೂರಿಸುತ್ತಿದ್ದ ಪಗ್ವಾಶ್ ಸಮ್ಮೇಳನಗಳ ಅಧ್ಯಕ್ಷರಾಗಿ 1976ರಿಂದ 1988ರವರೆಗೆ ದುಡಿದರು. ಸಾಂಸ್ಕೃತಿಕ ಕ್ರಾಂತಿಯ ಗದ್ದಲದ ನಡುವೆಯೂ ಬೀಜಿಂಗಿನ ವಿಜ್ಞಾನಿಗಳು 1971ರಲ್ಲಿ ಸ್ವತಂತ್ರವಾಗಿ ಇನ್ಸುಲಿನ್ ರಚನೆಯನ್ನು ಬಿಡಿಸಿದ್ದರು. ಹೊರಜಗತ್ತಿಗೆ ಅದು ಗೊತ್ತಿರಲಿಲ್ಲ. ಡೊರೊಥಿ ಅಲ್ಲಿಗೆ ಹೋಗಿ ಎರಡೂ ನಕ್ಷೆಗಳನ್ನು ಹೋಲಿಸಿ ನೋಡಿದರು. ಚೀನಾದವರ ಕೆಲಸದ ಬಗ್ಗೆ 1975ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದರು. ಪ್ರತಿಸ್ಪರ್ಧಿಯ ಗೆಲುವನ್ನು ತಾನೇ ಸಾರುವ ಈ ಗುಣ ವಿದ್ವತ್ತಿಗಿಂತಲೂ ಅಪರೂಪವಾದುದು. 1993ರಲ್ಲಿ ಬೀಜಿಂಗಿನಲ್ಲಿ ಹರಳು ವಿಜ್ಞಾನಿಗಳ ಜಾಗತಿಕ ಸಮ್ಮೇಳನ ನಡೆದಾಗ, 83ರ ವಯಸ್ಸಿನಲ್ಲಿ, ಗಾಲಿಕುರ್ಚಿಯಲ್ಲಿ ಕುಳಿತು ಅಲ್ಲಿಗೆ ಹೋದರು. ಮರುವರ್ಷ ಜುಲೈ 29ರಂದು ನಿಧನರಾದರು.

ಯಾರ ಸೊತ್ತು?

ಡೊರೊಥಿ ಬಿಡಿಸಿದ್ದು ಹಂದಿಯ ಇನ್ಸುಲಿನ್. ಆ ಕಾಲದಲ್ಲಿ ರೋಗಿಗಳಿಗೆ ಸಿಗುತ್ತಿದ್ದುದು ಹಂದಿ ಮತ್ತು ದನದ ಮೇದೋಜೀರಕ ಗ್ರಂಥಿಯಿಂದ ತೆಗೆದ ಔಷಧವೇ. ಮುಸ್ಲಿಮರಿಗೂ ಹಿಂದೂಗಳಿಗೂ ಅದು ಮನಸ್ಸಿಗೆ ಕಸಿವಿಸಿಯ ವಿಷಯವಾಗಿತ್ತು. ಜೀವ ಉಳಿಸುವ ಅನಿವಾರ್ಯತೆ ಎಂದು ಒಪ್ಪಿಕೊಂಡವರೇ ಹೆಚ್ಚು. 1982ರಲ್ಲಿ ಬ್ಯಾಕ್ಟೀರಿಯಾದಿಂದ ತಯಾರಿಸಿದ ಮಾನವ ಇನ್ಸುಲಿನ್ ಬಂದ ಮೇಲೆ ಆ ಸಂಕಟ ಕ್ರಮೇಣ ನೀಗಿತು. ಮುಂದಿನ ಹೆಜ್ಜೆಗೆ ಹರಳಿನ ರಚನೆಯೇ ನೆರವಾಯಿತು. ಆರು ಅಣುಗಳ ಗುಂಪು ಒಡೆದು ಬಿಡಿಬಿಡಿಯಾಗದೆ ಇನ್ಸುಲಿನ್ ರಕ್ತಕ್ಕೆ ಬೇಗ ಸೇರುವುದಿಲ್ಲ. ಅಣುಗಳು ಎಲ್ಲಿ ಅಂಟಿಕೊಂಡಿವೆ ಎಂಬುದು ರಚನೆಯಲ್ಲಿ ಕಾಣುತ್ತಿತ್ತು. ಆ ಜಾಗದ ಎರಡು ಅಮೈನೋ ಆಮ್ಲಗಳನ್ನು ಅದಲುಬದಲು ಮಾಡಿದ ಲಿಸ್ಪ್ರೋ ಎಂಬ ಇನ್ಸುಲಿನ್ 1996ರಲ್ಲಿ ಮಾರುಕಟ್ಟೆಗೆ ಬಂತು. ಸೂಜಿ ಚುಚ್ಚಿಕೊಂಡು ಅರ್ಧ ಗಂಟೆ ಕಾಯದೆ ಊಟಕ್ಕೆ ಕೂರುವ ಅನುಕೂಲ ರೋಗಿಗೆ ದೊರೆತದ್ದು ಹೀಗೆ.

ಇಷ್ಟಾದರೂ ಒಂದು ಲೆಕ್ಕ ಬಾಕಿ ಉಳಿದಿದೆ. 1921ರಲ್ಲಿ ಟೊರಾಂಟೊದಲ್ಲಿ ಇನ್ಸುಲಿನ್ ಕಂಡುಹಿಡಿದವರು ಅದರ ಹಕ್ಕನ್ನು ತಲಾ ಒಂದು ಡಾಲರಿಗೆ ವಿಶ್ವವಿದ್ಯಾಲಯಕ್ಕೆ ಕೊಟ್ಟುಬಿಟ್ಟಿದ್ದರು. ರಚನೆಯನ್ನು ಬಿಡಿಸಿದವರು ಅದನ್ನು ಎಲ್ಲರೂ ಓದುವಂತೆ ಪ್ರಕಟಿಸಿದರು. 1971ರಲ್ಲಿ ಏಳು ರಚನೆಗಳೊಂದಿಗೆ ಆರಂಭವಾದ ಪ್ರೋಟೀನ್ ದತ್ತಾಂಶ ಭಂಡಾರದಲ್ಲಿ ಈಗ ಎರಡು ಲಕ್ಷಕ್ಕೂ ಹೆಚ್ಚು ರಚನೆಗಳಿವೆ. ಅದರ ಬಾಗಿಲು ಎಲ್ಲರಿಗೂ ಉಚಿತವಾಗಿ ತೆರೆದಿದೆ. 2024ರ ರಸಾಯನಶಾಸ್ತ್ರದ ನೊಬೆಲ್ ಪಡೆದ, ಪ್ರೋಟೀನಿನ ಆಕಾರವನ್ನು ಕಂಪ್ಯೂಟರಿನಿಂದಲೇ ಊಹಿಸುವ ವಿದ್ಯೆ ಕಲಿತದ್ದೂ ಅದೇ ಭಂಡಾರದಿಂದ. ಇತ್ತ ಔಷಧದ ಕಥೆಯೇ ಬೇರೆ. ಜಗತ್ತಿನ ಇನ್ಸುಲಿನ್ ಮಾರುಕಟ್ಟೆಯ ಶೇ. 90ಕ್ಕಿಂತ ಹೆಚ್ಚು ಪಾಲು ಮೂರೇ ಕಂಪೆನಿಗಳ ಕೈಯಲ್ಲಿದೆಯೆಂದೂ ಎರಡನೆಯ ಬಗೆಯ ಮಧುಮೇಹದಲ್ಲಿ ಇನ್ಸುಲಿನ್ ಬೇಕಾದವರ ಪೈಕಿ ಇಬ್ಬರಲ್ಲಿ ಒಬ್ಬರಿಗೆ ಅದು ಸಿಗುತ್ತಿಲ್ಲವೆಂದೂ ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ವರದಿ ಮಾಡಿತು.

ಜ್ಞಾನವನ್ನು ಹಂಚಿದವರು ಕೈರೋದಲ್ಲಿ ಹುಟ್ಟಿದವರು, ತ್ರಿಶೂರಿನಿಂದ ಬಂದವರು, ಬೀಜಿಂಗಿನಲ್ಲಿ ಕಷ್ಟಕಾಲದಲ್ಲೂ ಕೆಲಸ ನಿಲ್ಲಿಸದವರು. ಅವರ ಕೆಲಸ ಹತ್ತು ಹೆಸರುಗಳಲ್ಲಿ ಎಂಟನೆಯದಾಗಿ ನಿಲ್ಲುವ ಮನಸ್ಸಿನಿಂದ ಆಯಿತು. ಅದರ ಫಲ ಮಾತ್ರ ಹಣವಿದ್ದವರಿಗೆ ಮೊದಲು ಸಿಗುತ್ತಿದೆ. ಇದು ವಿಜ್ಞಾನದ ಸೋಲಲ್ಲ, ಅದನ್ನು ಪಡೆದುಕೊಂಡ ಸಮಾಜದ ಸೋಲು. ಸರಕಾರಿ ಆಸ್ಪತ್ರೆಯ ಔಷಧದ ಕಿಟಕಿಯಲ್ಲಿ ಇನ್ಸುಲಿನ್ ಇಲ್ಲವೆಂಬ ಉತ್ತರ ಕೇಳಿ ಬರಿಗೈಯಲ್ಲಿ ಹಿಂದಿರುಗುವ ಬಡವನ ಪರವಾಗಿ ಕೇಳುವ ಹೊಣೆ ನಮ್ಮೆಲ್ಲರದು.